ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕೋವಿಯ ಮೇಲಿನ ಹೆಸರು ಅಸಲಿಯೇ?

ಮನೆತನದ ಹಳೆಯ ಕೋವಿಗಳ ಮೇಲಿರುವ ಹೆಸರು, ಸಂಖ್ಯೆ ಮತ್ತು ಮುದ್ರೆಗಳ ಬಗ್ಗೆ ಬಂದ ಪತ್ರಗಳಲ್ಲಿ ಮೂರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಮುತ್ತಜ್ಜನ ಕಾಲದಿಂದ ಉಳಿದುಬಂದ ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಒಳಗಾತ್ರದ ಅಳತೆ) ಜೋಡಿ ನಳಿಗೆಯ ಕೋವಿಯೊಂದಿದೆ. ಎರಡು ನಳಿಗೆಗಳನ್ನು ಕೂಡಿಸುವ ಮೇಲಿನ ಪಟ್ಟಿಯಲ್ಲಿ ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್’ ಎಂದು ಬಹಳ ಸ್ಪಷ್ಟವಾಗಿ ಕೆತ್ತಿದೆ. ನಳಿಗೆಗಳ ಮೈಮೇಲೆ ಸುಳಿಸುಳಿಯಾದ ಕಂದು ಗೆರೆಗಳಿವೆ. ಈ ಸಲ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆಂದು ಬಿಚ್ಚಿ ಒರೆಸುವಾಗ ನಳಿಗೆಯ ಅಡಿಯಲ್ಲಿ, ಕಿರೀಟದ ಕೆಳಗೆ ಎರಡು ರಾಜದಂಡಗಳನ್ನು ಅಡ್ಡಡ್ಡವಾಗಿ ಇಟ್ಟಂತಿರುವ ಮುದ್ರೆ, ‘13’ ಎಂಬ ಅಂಕಿ ಮತ್ತು ‘ನಾಟ್ ಫಾರ್ ಬಾಲ್’ ಎಂಬ ಇಂಗ್ಲಿಷ್ ಮಾತು ಕಂಡವು. ಕೋವಿ ನೋಡಲು ಬಂದ ಸಂಗ್ರಾಹಕರೊಬ್ಬರು ಮೇಲಿನ ಹೆಸರು ಕಾರ್ಖಾನೆಯದಲ್ಲ ಎಂದರು, ಹನ್ನೆರಡು ಬೋರಿನ ಕೋವಿಗೆ ಹದಿಮೂರರ ಮುದ್ರೆ ಇರುವುದರಿಂದ ನಳಿಗೆಗಳೂ ಬೇರೆ ಕೋವಿಯವು ಎಂದರು. ಮನೆಯ ಹಿರಿಯರು ಎರಡನ್ನೂ ಒಪ್ಪುವುದಿಲ್ಲ. ಯಾರ ಮಾತು ಸರಿ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೆಸರಿನ ವಿಷಯದಲ್ಲಿ ಸಂಗ್ರಾಹಕರ ಮಾತು ಬಹುಮಟ್ಟಿಗೆ ಸರಿ; ಹದಿಮೂರರ ವಿಷಯದಲ್ಲಿ ಅವರು ತಪ್ಪಿದ್ದಾರೆ. ಹಾಗೆಂದು ನಿಮ್ಮ ಕೋವಿ ಕಳಪೆ ಎಂದಾಗುವುದಿಲ್ಲ. ಅದು ತನ್ನ ಮೇಲಿರುವ ಹೆಸರಿಗಿಂತ ಹಳೆಯದು ಎಂಬುದಷ್ಟೇ ನಿಮ್ಮ ಪತ್ರದಿಂದ ತಿಳಿಯುತ್ತದೆ.

ಹೆಸರಿನಿಂದಲೇ ಆರಂಭಿಸೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಪಿ. ವೆಬ್ಲಿ ಅಂಡ್ ಸನ್ ಎಂಬುದೂ ಡಬ್ಲ್ಯು. ಅಂಡ್ ಸಿ. ಸ್ಕಾಟ್ ಅಂಡ್ ಸನ್ ಎಂಬುದೂ ಮೊದಲು ಬೇರೆ ಬೇರೆ ಸಂಸ್ಥೆಗಳಾಗಿದ್ದವು. 1897ರಲ್ಲಿ ಇವು ಒಂದಾಗಿ ‘ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರ್ ಅಂಡ್ ಆರ್ಮ್ಸ್ ಕಂಪನಿ’ ಎಂಬ ಉದ್ದನೆಯ ಹೆಸರು ತಳೆದವು. ಅದನ್ನು ಮೊಟಕುಗೊಳಿಸಿ ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್’ ಎಂದು ಮಾಡಿದ್ದು 1906ರಲ್ಲಿ. ಆದ್ದರಿಂದ ನಿಮ್ಮ ಕೋವಿಯ ಪಟ್ಟಿಯ ಮೇಲಿನ ಅಕ್ಷರಗಳನ್ನು ಯಾರೇ ಕೊರೆದಿರಲಿ, 1906ಕ್ಕಿಂತ ಮೊದಲು ಕೊರೆದಿರಲು ಸಾಧ್ಯವಿಲ್ಲ.

ಇನ್ನು ಅಡಿಭಾಗ. ಬ್ರಿಟನ್ನಿನಲ್ಲಿ ತಯಾರಾದ ಕೋವಿಯನ್ನು ಮಾರುವ ಮೊದಲು ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್‌ಗೆ, ಅಂದರೆ ಪರೀಕ್ಷಾಲಯಕ್ಕೆ ಒಯ್ಯಬೇಕೆಂಬುದು ಕಾನೂನು. ಅಲ್ಲಿ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ, ನಳಿಗೆ ತಾಳಿಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯ್ದೆಯಿಂದ ಹುಟ್ಟಿದ್ದು; ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜಸನ್ನದು ಸಿಕ್ಕಿದ್ದು ಅದಕ್ಕೂ ಬಹಳ ಹಿಂದೆ, 1637ರಲ್ಲಿ. ಈ ಮುದ್ರೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ನಮ್ಮಂಥವರಿಗೆ ಆ ಬದಲಾವಣೆಯೇ ವರದಾನ, ಏಕೆಂದರೆ ಯಾವ ಮುದ್ರೆ ಯಾವ ಕಾಲದ್ದೆಂದು ಬಲ್ಲವರು ನಳಿಗೆ ಪರೀಕ್ಷೆಗೆ ಹೋದ ಕಾಲವನ್ನು ಹೆಸರಿನ ಹಂಗಿಲ್ಲದೆ ಹೇಳಬಲ್ಲರು. ಕಿರೀಟದ ಕೆಳಗಿನ ಅಡ್ಡ ರಾಜದಂಡಗಳು ಬರ್ಮಿಂಗ್‌ಹ್ಯಾಮಿನವು, 1904ಕ್ಕಿಂತ ಹಿಂದಿನವು. ಆ ವರ್ಷದಿಂದ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳು ಬಂದವು. ‘ನಾಟ್ ಫಾರ್ ಬಾಲ್’ ಎಂಬುದರ ಆಯುಷ್ಯ ಇನ್ನೂ ಕಡಿಮೆ. ನಳಿಗೆಯ ತುದಿಯನ್ನು ಕಿರಿದಾಗಿಸಿ ಚರೆ ಚದುರದಂತೆ ಮಾಡುವ ಚೋಕ್ ಎಂಬ ಏರ್ಪಾಡು ಆಗ ಹೊಸದಾಗಿತ್ತು. ಅಂಥ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಬಾರದು ಎಂಬ ಎಚ್ಚರಿಕೆಯಾಗಿ ಈ ಮಾತನ್ನು 1875ರಿಂದ 1887ರವರೆಗೆ ಒತ್ತುತ್ತಿದ್ದರು. 1887ರಲ್ಲಿ ಅದನ್ನು ಕೈಬಿಟ್ಟು ‘ಚೋಕ್’ ಎಂಬ ಒಂದೇ ಪದವನ್ನು ಬಳಕೆಗೆ ತಂದರು.

ಹೀಗಾಗಿ ನಿಮ್ಮ ನಳಿಗೆಗಳು 1875 ಮತ್ತು 1887ರ ನಡುವೆ ಪರೀಕ್ಷೆಗೆ ಒಳಗಾದವು, ಅವುಗಳ ಮೇಲಿನ ಹೆಸರು 1906ರ ನಂತರದ್ದು. ನಡುವೆ ಕಡಿಮೆಯೆಂದರೂ 19 ವರ್ಷಗಳ ಅಂತರವಿದೆ.

ಇಲ್ಲಿ ನಿಮ್ಮ ಹಿರಿಯರು ಒಂದು ಆಕ್ಷೇಪ ಎತ್ತಬಹುದು: ಹಳೆಯ ನಳಿಗೆಗಳನ್ನು ಆಮೇಲಿನ ವೆಬ್ಲಿ ಅಂಡ್ ಸ್ಕಾಟ್ ಕೋವಿಗೆ ಯಾರಾದರೂ ಜೋಡಿಸಿರಬಾರದೇಕೆ? ನಳಿಗೆ ಬದಲಾಯಿಸುವುದು ಅಪರೂಪವೇನಲ್ಲ. ಆದರೆ ಹೆಸರಿರುವ ಪಟ್ಟಿ ನಳಿಗೆಗಳಿಗೇ ಬೆಸುಗೆಯಾಗಿರುತ್ತದೆ, ಪರೀಕ್ಷೆಯ ಮುದ್ರೆಗಳೂ ಅದೇ ನಳಿಗೆಗಳ ಅಡಿಯಲ್ಲಿರುತ್ತವೆ. ನಳಿಗೆ ಎಲ್ಲಿಗೆ ಹೋದರೂ ಹೆಸರೂ ಮುದ್ರೆಯೂ ಒಟ್ಟಿಗೇ ಹೋಗುತ್ತವೆಯಾದ್ದರಿಂದ ಅವೆರಡರ ನಡುವಿನ ವಿರೋಧಕ್ಕೆ ನಳಿಗೆ ಬದಲಾವಣೆ ಸಮಾಧಾನವಾಗುವುದಿಲ್ಲ. ಉಳಿಯುವ ಸಾಧ್ಯತೆಗಳು ಎರಡು. ಒಂದು, ಹಳೆಯ ಸ್ಕಾಟ್ ಅಥವಾ ವೆಬ್ಲಿ ಕೋವಿಯೊಂದು ದುರಸ್ತಿಗಾಗಿ ಹೊಸ ಸಂಸ್ಥೆಗೆ ಮರಳಿ ಹೋಗಿ, ಅಲ್ಲಿ ಹೊಸ ಹೆಸರು ಪಡೆದಿರುವುದು. ಅಷ್ಟು ದೊಡ್ಡ ಕೆಲಸ ನಡೆದಿದ್ದರೆ ಸಾಮಾನ್ಯವಾಗಿ ಮರುಪರೀಕ್ಷೆಯ ಮುದ್ರೆಯೂ ಬೀಳುತ್ತದೆ. ನೀವು ಬರೆದ ಪಟ್ಟಿಯಲ್ಲಿ 1904ರ ನಂತರದ ಮುದ್ರೆ ಒಂದೂ ಇಲ್ಲ. ಇನ್ನೊಂದು, ಹೆಸರಿಲ್ಲದ ಅಥವಾ ಅಷ್ಟೇನೂ ಪರಿಚಿತವಲ್ಲದ ಹೆಸರಿನ ಬರ್ಮಿಂಗ್‌ಹ್ಯಾಮ್ ಕೋವಿಗೆ ಮಾರಾಟಗಾರನೊಬ್ಬ ಹೆಚ್ಚು ಬೆಲೆ ಬರಲೆಂದು ಹೆಸರು ಕೊರೆಸಿರುವುದು. ಎರಡನೆಯದೇ ಹೆಚ್ಚು ಸಂಭವನೀಯವೆಂದು ನನಗೆ ತೋರುತ್ತದೆ. ಆದರೂ ಕಾಗದದ ಮೇಲೆ ತೀರ್ಪು ಕೊಡುವುದಕ್ಕಿಂತ ನೀವೇ ಲೋಹವನ್ನು ನೋಡುವುದು ಒಳ್ಳೆಯದು.

ನೋಡುವ ಕ್ರಮ ಹೀಗೆ. ಕೋವಿಯಲ್ಲಿ ತೋಟಾ ಇಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು, ಬಿಚ್ಚಿ, ನಳಿಗೆಗಳನ್ನು ಮೆತ್ತನೆಯ ಬಟ್ಟೆಯ ಮೇಲಿಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಟ್ಟಿಯ ಮಟ್ಟಕ್ಕೆ ತಗ್ಗಿಸಿ, ಬೆಳಕು ಅಕ್ಷರಗಳ ಮೇಲೆ ಓರೆಯಾಗಿ ಹಾಯುವಂತೆ ಹಿಡಿಯಿರಿ. ಗಡಿಯಾರ ರಿಪೇರಿಯವರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯಿದ್ದರೆ ಸಾಕು. ಉಳಿ ಹಿಡಿದು ಕೈಯಿಂದ ಕೊರೆದ ಅಕ್ಷರದ ಗೆರೆ ಅಡಿಯಲ್ಲಿ ಚೂಪಾಗಿರುತ್ತದೆ. ಕೈಯ ಒತ್ತಡ ಹೆಚ್ಚು ಕಡಿಮೆಯಾದಂತೆ ಅಗಲವಾಗಿ, ಕಿರಿದಾಗಿ, ತುದಿಯಲ್ಲಿ ಮೊನಚಾಗಿ ನಿಲ್ಲುತ್ತದೆ. ತಿರುಗುವ ಯಂತ್ರದಿಂದ ಕೊರೆದ ಗೆರೆಗೆ ಉದ್ದಕ್ಕೂ ಒಂದೇ ಅಗಲ, ಒಂದೇ ಆಳ, ದುಂಡಗಿನ ತುದಿ. ಇದು ಕಂಡರೆ ಮುಂದೆ ನೋಡುವ ಅಗತ್ಯವಿಲ್ಲ, ಅದು ಈಚಿನ ಕೆಲಸ. ಕೈಕೆತ್ತನೆಯೇ ಆಗಿದ್ದರೆ ಮಾತ್ರ ಸವೆತವನ್ನು ಗಮನಿಸಬೇಕು. ಹಿಡಿಯ ಮೇಲಿನ ಚೌಕಳಿ ಕೆತ್ತನೆ ಅಂಗೈ ತಾಗಿ ತಾಗಿ ಬೋಳಾಗಿದ್ದು, ನಳಿಗೆಯ ಬಣ್ಣ ಹೋಗಿ ಬಿಳಿಚಿಕೊಂಡಿದ್ದು, ಹೆಸರು ಮಾತ್ರ ನಿನ್ನೆ ಕೊರೆದಂತೆ ಹರಿತವಾಗಿದ್ದರೆ ಅನುಮಾನಕ್ಕೆ ಕಾರಣವಿದೆ. ನೀವು ‘ಬಹಳ ಸ್ಪಷ್ಟವಾಗಿ’ ಎಂದು ಬರೆದಿರುವುದು ನನಗೆ ಅಷ್ಟು ಹಿತವೆನಿಸಲಿಲ್ಲ.

ಇದಾದ ಮೇಲೆ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿ. ಹಳೆಯ ಹೆಸರನ್ನು ಅರದಿಂದ ಉಜ್ಜಿ ತೆಗೆದು ಹೊಸದನ್ನು ಕೊರೆದಿದ್ದರೆ, ಆ ಭಾಗದಲ್ಲಿ ಸಣ್ಣದೊಂದು ತಗ್ಗು ಸಿಗುತ್ತದೆ. ಬೆರಳ ತುದಿಗೆ ತಿಳಿಯದ ಈ ತಗ್ಗನ್ನು ಓರೆ ಬೆಳಕು ತೋರಿಸಿಕೊಡುತ್ತದೆ. ಪಟ್ಟಿಯ ಮೇಲೆ ಬೆಳಕು ಪ್ರತಿಫಲಿಸದಿರಲೆಂದು ಹಾಕುವ ಸಣ್ಣ ಗೀರುಗಳ ಸಾಲು ಹೆಸರಿನ ಸುತ್ತ ಥಟ್ಟನೆ ನಿಂತುಹೋಗಿದ್ದರೆ, ಅಥವಾ ಹೆಸರಿನ ಕೆಳಗೆ ಇನ್ನೊಂದು ಅಕ್ಷರದ ಕಾಲೋ ಬಾಲವೋ ಉಳಿದಿದ್ದರೆ ಇನ್ನು ವಾದ ಮಾಡುವಂತಿಲ್ಲ.

ಒತ್ತಿದ ಮುದ್ರೆಗಳ ಪರೀಕ್ಷೆ ಬೇರೆ. ಕೆತ್ತನೆಯಲ್ಲಿ ಲೋಹ ಕಿತ್ತುಬರುತ್ತದೆ. ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದಾಗ ಕಿತ್ತುಬರದೆ ಬದಿಗೆ ಸರಿದು, ಮುದ್ರೆಯ ಅಂಚಿನಲ್ಲಿ ಸಣ್ಣ ದಿಣ್ಣೆಯಾಗಿ ಏಳುತ್ತದೆ. ಕಾರ್ಖಾನೆಯ ದಿನಗಳಲ್ಲಿ ಕೋವಿ ಇನ್ನೂ ಬಣ್ಣ ಕಾಣದೆ ಬಿಳಿ ಲೋಹವಾಗಿದ್ದಾಗಲೇ ಸಾಮಾನ್ಯವಾಗಿ ಮುದ್ರೆ ಬೀಳುತ್ತಿತ್ತು; ಆನಂತರದ ಉಜ್ಜುವಿಕೆಯಲ್ಲಿ ಆ ದಿಣ್ಣೆ ಮಟ್ಟವಾಗಿ, ಬಣ್ಣ ಹಾಕುವಾಗ ಕುಳಿಯ ಒಳಗೂ ಅದೇ ಬಣ್ಣ ಇಳಿಯುತ್ತಿತ್ತು. ಮುಗಿದ ಮೈಯ ಮೇಲೆ ಆಮೇಲೆ ಹೊಡೆದ ಮುದ್ರೆಯ ಅಂಚು ಉಗುರಿಗೆ ತಾಗುತ್ತದೆ, ಕುಳಿಯೊಳಗಿನ ಲೋಹದ ಬಣ್ಣವೂ ಸುತ್ತಲಿನದಕ್ಕೆ ಹೊಂದುವುದಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು: ಪರೀಕ್ಷಾಲಯದ ಮುದ್ರೆಗಳು ಸೊಟ್ಟಗಿರುವುದು, ಒಂದು ಬದಿ ಆಳವಾಗಿ ಇನ್ನೊಂದು ಬದಿ ಮಾಸಿರುವುದು, ಎರಡು ಸಲ ಹೊಡೆದಂತೆ ಕಾಣುವುದು ಸಾಮಾನ್ಯ. ದಿನವಿಡೀ ಸುತ್ತಿಗೆ ಹಿಡಿದವನ ಕೆಲಸವದು. ಎಲ್ಲ ಮುದ್ರೆಗಳೂ ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಮುತ್ತು ಪೋಣಿಸಿದಂತಿದ್ದರೆ ನಾನಾದರೆ ಹೆಚ್ಚು ಅನುಮಾನಪಡುತ್ತೇನೆ.

ಈಗ ‘13’ರ ಪ್ರಶ್ನೆ. ಬೋರಿನ ಅಂಕಿ ಎಂದರೆ ನಳಿಗೆಯ ಒಳಗಿನ ವ್ಯಾಸಕ್ಕೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬ ಲೆಕ್ಕ. ಹನ್ನೆರಡಕ್ಕೆ ಒಳವ್ಯಾಸ 0.729 ಇಂಚು, ಹದಿಮೂರಕ್ಕೆ 0.710 ಇಂಚು. ತೋಟಾ ಕೂರುವ ಜಾಗ ಹನ್ನೆರಡರ ಅಳತೆಯದೇ ಆಗಿದ್ದು, ಅದರ ಮುಂದಿನ ನಳಿಗೆಯನ್ನು ತಯಾರಕರು ತುಸು ಬಿಗಿಯಾಗಿ ಕೊರೆಯುವ ವಾಡಿಕೆಯಿತ್ತು. ಪರೀಕ್ಷಾಲಯದವರು ಅಳೆದು ಒತ್ತುತ್ತಿದ್ದದ್ದು ಈ ನಳಿಗೆಯ ವ್ಯಾಸವನ್ನು. ಹನ್ನೆರಡು ಬೋರಿನ ಹಳೆಯ ಇಂಗ್ಲಿಷ್ ಕೋವಿಯಲ್ಲಿ ಹದಿಮೂರರ ಮುದ್ರೆ ದಿನನಿತ್ಯ ಕಾಣುವಂಥದ್ದು. ನಳಿಗೆ ಬೇರೆ ಕೋವಿಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದದ್ದು ಕ್ರಮಸಂಖ್ಯೆ. ಟ್ರಿಗರ್ ಗಾರ್ಡಿನ ಹಿಂದಿನ ಬಾಲದ ಮೇಲೆ, ನಳಿಗೆಗಳು ಕೂರುವ ಚಪ್ಪಟೆ ಲೋಹದ ಮೇಲೆ, ನಳಿಗೆಗಳ ಅಡಿಯಲ್ಲಿ ಮತ್ತು ಮುಂಭಾಗದ ಮರದ ಒಳಗಿನ ಕಬ್ಬಿಣದ ಮೇಲೆ ಅದನ್ನು ಹುಡುಕಿ. ಇಷ್ಟೂ ಕಡೆ ಒಂದೇ ಸಂಖ್ಯೆ, ಒಂದೇ ಅಂಕಿಗಳ ಆಕಾರ ಕಂಡುಬಂದರೆ ನಳಿಗೆಗಳು ಆ ಕೋವಿಯವೇ. ಆಗ ಸುಳ್ಳು ಹೇಳುತ್ತಿರುವುದು ಹೆಸರೊಂದೇ ಎಂದಾಯಿತು.

ಕೊನೆಯದಾಗಿ, ಸುಳಿಗೆರೆಗಳಿರುವ ನಿಮ್ಮ ನಳಿಗೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬಡಿದು ಮಾಡಿದ ಡಮಾಸ್ಕಸ್ ನಳಿಗೆಗಳು. ಅವು ಕರಿಮದ್ದಿನ ಕಾಲದವು. ಹೊಗೆಯಿಲ್ಲದ ಮದ್ದಿಗಾಗಿ ನಡೆಸುವ ನೈಟ್ರೊ ಪರೀಕ್ಷೆ ಆರಂಭವಾದದ್ದೇ 1896ರಲ್ಲಿ, ನಿಮ್ಮ ಕೋವಿಯಲ್ಲಿ ಆ ಮುದ್ರೆಯಿಲ್ಲ. ಪೂಜೆಗಿಟ್ಟು ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಅಲಂಕರಿಸಲು ಅಡ್ಡಿಯಿಲ್ಲ. ಜನನಕ್ಕೋ ಮರಣಕ್ಕೋ ಗುಂಡು ಹಾರಿಸುವ ಪದ್ಧತಿಗೆ ಮಾತ್ರ ಬೇರೆ ಕೋವಿಯನ್ನೇ ಬಳಸಿ. ಈಗ ಅಂಗಡಿಯಲ್ಲಿ ಸಿಗುವ ತೋಟಾವನ್ನು ಇದರಲ್ಲಿ ಖಂಡಿತ ಹಾಕಬೇಡಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆಯ ಬಂಗಲೆಯಲ್ಲಿ ಪರವಾನಗಿಯುಳ್ಳ ಎರಡು ಜೋಡಿ ನಳಿಗೆ ಕೋವಿಗಳಿವೆ. ಒಂದರ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಎಂದಿದೆ. ಅಡಿಯಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳಿವೆ. ಇನ್ನೊಂದರ ಮೇಲೆ ‘ಜೋಸೆಫ್ ಮ್ಯಾಂಟನ್, ಲಂಡನ್’ ಎಂದಿದ್ದು, ಅಡಿಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಎಂಬ ಅಕ್ಷರಗಳೂ ಅದರ ಮೇಲೊಂದು ಕಿರೀಟವೂ ಇವೆ. ಮದ್ರಾಸಿನಲ್ಲಿ ಕೋವಿ ಕಾರ್ಖಾನೆ ಇರಲಿಲ್ಲವಾದ್ದರಿಂದ ಮೊದಲನೆಯದು ನಕಲಿ, ಲಂಡನ್ನಿನ ಹೆಸರಿರುವ ಎರಡನೆಯದು ಅಸಲಿ ಎಂದು ಭಾವಿಸಬಹುದೆ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ತಿರುಗಿಸಿ ಹೇಳಿದರೆ ಸರಿಯಾಗುತ್ತದೆ.

ಪಿ. ಓರ್ ಅಂಡ್ ಸನ್ಸ್ ಮದ್ರಾಸಿನ ಹೆಸರಾಂತ ಗಡಿಯಾರ ಮತ್ತು ಆಭರಣದ ಅಂಗಡಿ. ಅಲ್ಲಿ ಕೋವಿಗಳನ್ನೂ ಮಾರುತ್ತಿದ್ದರು. ಕಲ್ಕತ್ತೆಯ ಮ್ಯಾಂಟನ್ ಅಂಡ್ ಕಂಪನಿ, ಆರ್. ಬಿ. ರೊಡ್ಡಾ ಮೊದಲಾದವರೂ ಹಾಗೆಯೇ. 1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು ಮೌಸರ್ ಪಿಸ್ತೂಲುಗಳ ಸರಕನ್ನು ಹಾರಿಸಿಕೊಂಡು ಹೋದದ್ದು ಈ ರೊಡ್ಡಾ ಸಂಸ್ಥೆಯಿಂದಲೇ. ಇಂಥ ವ್ಯಾಪಾರಿಗಳು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಂದ ಕೋವಿಗಳನ್ನು ತರಿಸಿಕೊಳ್ಳುವಾಗ ತಮ್ಮ ಅಂಗಡಿಯ ಹೆಸರನ್ನೇ ಪಟ್ಟಿಯ ಮೇಲೆ ಕೆತ್ತಿಸುತ್ತಿದ್ದರು. ಅದು ಮೋಸವಲ್ಲ, ಆ ಕಾಲದ ವ್ಯಾಪಾರದ ರೀತಿ. ಆ ಹೆಸರು ಕೋವಿ ತಯಾರಾದಾಗಲೇ ಬಿದ್ದದ್ದಾದ್ದರಿಂದ ಅದನ್ನು ಮೂಲ ಗುರುತೆಂದೇ ಪರಿಗಣಿಸಬೇಕು. ನಿಮ್ಮ ಕೋವಿಯ ಬಿ.ಪಿ., ಬಿ.ವಿ., ಎನ್.ಪಿ. (ನೈಟ್ರೊ ಪರೀಕ್ಷೆಯ ಗುರುತು) ಮುದ್ರೆಗಳು 1904ರ ನಿಯಮದವು ಅಥವಾ ಅದರ ನಂತರದವು. ಒಟ್ಟಿಗೆ ತೋಟಾದ ಉದ್ದವನ್ನು ಇಂಚುಗಳಲ್ಲಿ ಒತ್ತಿದ್ದರೆ 1925ರ ನಂತರದ್ದೆಂದೂ, ಒತ್ತಡವನ್ನು ಟನ್ನುಗಳಲ್ಲಿ ತೋರಿಸಿದ್ದರೆ 1954ರ ನಂತರದ್ದೆಂದೂ ತಿಳಿಯಬಹುದು. ನಿಜವಾದ ತಯಾರಕನ ಸುಳಿವು ಬೇಕಿದ್ದರೆ ನಳಿಗೆಗಳ ಅಡಿಯಲ್ಲಿ, ಮುಂಭಾಗದ ಮರವನ್ನು ಕಳಚಿದಾಗ ಮಾತ್ರ ಕಾಣುವ ಕಡೆ ಒಂದೆರಡು ಅಕ್ಷರಗಳ ಸಣ್ಣ ಮುದ್ರೆಯನ್ನು ಹುಡುಕಿ.

ಎರಡನೆಯ ಕೋವಿಯ ಇ.ಎಲ್.ಜಿ. ಎಂಬುದು ಬೆಲ್ಜಿಯಂ ದೇಶದ ಲಿಯೇಜ್ ನಗರದ ಪರೀಕ್ಷಾಲಯದ ಮುದ್ರೆ. ಅದರ ಮೇಲಿನ ಕಿರೀಟ 1893ರಲ್ಲಿ ಸೇರಿದ್ದು. ಲಂಡನ್ನಿನ ಮಹಾ ಕುಶಲಿ ಜೋಸೆಫ್ ಮ್ಯಾಂಟನ್ ತೀರಿಕೊಂಡದ್ದು 1835ರಲ್ಲಿ. ಆತನ ಕಾಲದ ಕೋವಿಗಳು ಬಾಯಿಯಿಂದ ಮದ್ದು ತುಂಬುವಂಥವು; ನಿಮ್ಮದರಂತೆ ನಡುವೆ ಮಡಚಿ ಹಿಂದಿನಿಂದ ತೋಟಾ ಹಾಕುವ ಕೋವಿ ಇಂಗ್ಲೆಂಡಿನಲ್ಲಿ ಜನರ ಗಮನ ಸೆಳೆದದ್ದೇ 1851ರ ಮಹಾ ಪ್ರದರ್ಶನದಲ್ಲಿ. ದೊಡ್ಡ ಇಂಗ್ಲಿಷ್ ಹೆಸರುಗಳನ್ನು, ಅಥವಾ ಅವುಗಳನ್ನು ಹೋಲುವ ಹೆಸರುಗಳನ್ನು ಅಗ್ಗದ ಕೋವಿಗಳ ಮೇಲೆ ಹಾಕಿ ಲಿಯೇಜ್‌ನಿಂದ ದೇಶದೇಶಗಳಿಗೆ ಕಳಿಸುತ್ತಿದ್ದರು. ಮ್ಯಾಂಟನ್ ಹೆಸರು ಅವುಗಳಲ್ಲಿ ಬಹಳ ಪ್ರಸಿದ್ಧ. ಇಲ್ಲೊಂದು ತಮಾಷೆಯಿದೆ. ಈ ಸುಳ್ಳು ಹೆಸರನ್ನು ಆಮೇಲೆ ಯಾರೂ ಕೊರೆದದ್ದಲ್ಲ, ಕಾರ್ಖಾನೆಯಲ್ಲೇ ಹಾಕಿದ್ದು. ಕೆತ್ತನೆಯ ಅಂಚು, ಬಣ್ಣ, ಸವೆತ ಎಲ್ಲವೂ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಗುರುತು ಮೂಲದ್ದು, ಅದು ಹೇಳುವ ಮಾತು ಮಾತ್ರ ಸುಳ್ಳು. ಸಂಗ್ರಾಹಕನಿಗೆ ಇದರ ಬೆಲೆ ಕಡಿಮೆ. ಇದನ್ನು ಕಲ್ಕತ್ತೆಯ ಮ್ಯಾಂಟನ್ ಅಂಡ್ ಕಂಪನಿಯ ಕೋವಿಗಳೊಂದಿಗೆ ಬೆರೆಸಿಕೊಳ್ಳಬೇಡಿ. ಅವು ಬೇರೆ, ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ.

ಹೆಸರಿನ ಅಕ್ಷರಗಳಷ್ಟೇ ಉಪಯುಕ್ತವಾದ ಇನ್ನೊಂದು ಸಾಕ್ಷಿ ವಿಳಾಸ. ಲಂಡನ್ನಿನ ಕೋವಿ ತಯಾರಕರಾದ ಪರ್ಡಿ ಸಂಸ್ಥೆ ಅಲ್ಲಿನ ಸೌತ್ ಆಡ್ಲಿ ಸ್ಟ್ರೀಟಿನ ಆಡ್ಲಿ ಹೌಸ್‌ಗೆ ಬಂದದ್ದು 1883ರ ಆರಂಭದಲ್ಲಿ. ಲಂಡನ್ನಿನ ಇನ್ನೊಂದು ತಯಾರಕ ಸಂಸ್ಥೆಗೆ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಜೋಡಿ ಹೆಸರು ಶುರುವಾದದ್ದು 1876ರಲ್ಲಿ, ಅದಕ್ಕೆ ಮೊದಲು ಎಚ್. ಹಾಲೆಂಡ್ ಎಂದಿತ್ತು. ಅದಕ್ಕಿಂತ ಹಳೆಯ ಮುದ್ರೆಗಳಿರುವ ಕೋವಿಯ ಮೇಲೆ ಈ ಹೆಸರು, ವಿಳಾಸಗಳು ಕಂಡರೆ ವಿರಾಜಪೇಟೆಯವರಿಗೆ ಹೇಳಿದ ತರ್ಕವೇ ಅನ್ವಯಿಸುತ್ತದೆ. ಇಂಥ ಸಂಸ್ಥೆಗಳು ತಮ್ಮ ಹಳೆಯ ಲೆಡ್ಜರುಗಳನ್ನು ಉಳಿಸಿಕೊಂಡಿವೆ. ಕ್ರಮಸಂಖ್ಯೆ ಬರೆದು ಶುಲ್ಕ ಕೊಟ್ಟರೆ ಆ ಸಂಖ್ಯೆಯ ಕೋವಿಯನ್ನು ಹೇಗೆ ಮಾಡಲಾಗಿತ್ತೆಂಬ ದಾಖಲೆಯ ನಕಲು ಪಡೆಯಬಹುದು. ನಳಿಗೆಯ ಉದ್ದವಾಗಲಿ ಬೋರಾಗಲಿ ಲೆಡ್ಜರಿನಲ್ಲಿ ಬೇರೆಯಾಗಿದ್ದರೆ, ಬೇರೊಂದು ಕೋವಿಯ ಸಂಖ್ಯೆಯನ್ನು ಇದಕ್ಕೆ ಹಾಕಿದ್ದಾರೋ ಎಂದು ವಿಚಾರಿಸಬೇಕು.

ಪ್ರಶ್ನೆ: ತಂದೆಯವರಿಂದ ಬಂದ ಕೋವಿಯ ಕ್ರಮಸಂಖ್ಯೆ ಬಹಳ ಮಾಸಿದೆ, ಕೊನೆಯ ಅಂಕಿ ಮೂರೋ ಎಂಟೋ ತಿಳಿಯುವುದಿಲ್ಲ. ಪರಿಚಯದ ಕೆತ್ತನೆಯಂಗಡಿಯವರು ಲೇಸರಿನಿಂದ ಆಳ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಮು ಕೋವಿಯ ಮೇಲಿನ ಹೆಸರು, ಸಂಖ್ಯೆ ಅಥವಾ ಇತರ ಗುರುತನ್ನು ಅಳಿಸುವುದನ್ನೂ ತೆಗೆಯುವುದನ್ನೂ ಬದಲಿಸುವುದನ್ನೂ ನಕಲು ಮಾಡುವುದನ್ನೂ ನಿಷೇಧಿಸುತ್ತದೆ. ಮೂರನ್ನು ಎಂಟೆಂದು ಆಳ ಮಾಡಿದರೆ ಅದು ಬದಲಾವಣೆಯೇ. ಅಂಥ ಗುರುತಿರುವ ಕೋವಿ ಯಾರ ಬಳಿ ಸಿಕ್ಕರೂ, ಬೇರೆಯೆಂದು ಸಾಬೀತಾಗುವವರೆಗೆ ಆತನೇ ಹಾಗೆ ಮಾಡಿದನೆಂದು ಕಾನೂನು ಊಹಿಸುತ್ತದೆ. ಕೊಡಗಿನ ಓದುಗರೂ ಇದನ್ನು ಗಮನಿಸಬೇಕು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನಿನವರಿಗೆ) ಇರುವ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ಗುರುತು ತಿದ್ದುವುದಕ್ಕಲ್ಲ.

ಕಾನೂನಿನ ಮಾತು ಹಾಗಿರಲಿ, ಸಂಗ್ರಾಹಕನ ದೃಷ್ಟಿಯಿಂದಲೂ ಇದು ನಷ್ಟದ ಕೆಲಸ. ಮಾಸಿದ ಅಸಲಿ ಅಂಕಿ ಸಾಕ್ಷಿ; ಆಳ ಮಾಡಿದ ಅಂಕಿ ಬರೀ ಅಂಕಿ. ಉಪ್ಪುಕಾಗದ, ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು, ತುಕ್ಕು ಬಿಡಿಸುವ ಆಮ್ಲ, ಇವನ್ನೆಲ್ಲ ಗುರುತುಗಳ ಹತ್ತಿರ ತರಬೇಡಿ. ತೆಳುವಾದ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಿಂದ ಒರೆಸಿ. ಅಂಕಿಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಮೇಲ್ಮೈಯನ್ನು ಬೆರಳಿನಿಂದ ಮೃದುವಾಗಿ ಒರೆಸಿದರೆ ಕುಳಿಯಲ್ಲಿ ಪೌಡರು ಉಳಿದು ಆಕಾರ ಕಾಣುತ್ತದೆ. ಬೆಳಕಿನ ದಿಕ್ಕನ್ನು ಬದಲಿಸುತ್ತ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಎಂಟಿನ ಎಡಬದಿಯ ಎರಡು ತಿರುವುಗಳು ಎಷ್ಟೇ ಸವೆದರೂ ಒಂದು ಬೆಳಕಿನಲ್ಲಾದರೂ ನೆರಳು ಬೀಳಿಸುತ್ತವೆ. ಟ್ರಿಗರ್ ಗಾರ್ಡಿನ ಮೇಲೆ ಮಾಸಿದ ಸಂಖ್ಯೆ ಕೈತಾಗದ ಒಳಭಾಗಗಳಲ್ಲಿ ಹೊಸದರಂತೆ ಉಳಿದಿರುವುದೂ ಉಂಟು. ಮುಂಭಾಗದ ಮರದ ಕಬ್ಬಿಣವನ್ನೂ ನಳಿಗೆಯ ಅಡಿಯನ್ನೂ ಮೊದಲು ನೋಡಿ.

ಹೀಗೆ ಓದಿದ ಸಂಖ್ಯೆ ನಿಮ್ಮ ಪರವಾನಗಿ ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ಕೋವಿಯನ್ನು ಮುಟ್ಟದೆ, ಫೋಟೊಗಳೊಂದಿಗೆ ಪರವಾನಗಿ ಕೊಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ದಾಖಲೆಯನ್ನು ತಿದ್ದಿಸಿಕೊಳ್ಳಿ. ಮಾರುವ ಅಥವಾ ಹೆಸರು ವರ್ಗಾಯಿಸುವ ಯೋಚನೆಯಿದ್ದರೆ ಇದನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಬೇಕು.